ಹಗ್ಗದ ಬೀದಿಯ ದಿಮ್ಮಿಗಳು

ಹಗ್ಗದ ಬೀದಿಯ ಮನೆಗಳೆಲ್ಲ ಕೊಳೆತಿವೆ, ಕೆಡವಬೇಕು ಎಂಬ ನಗರಸಭೆಯ ಕಾಗದ ಬಂದಾಗ ರಾಗ್ನ್‌ಫ್ರಿಡ್ ಮೀನು ಹುರಿಯುತ್ತಿದ್ದಳು. ಬಾಣಲೆ ಇಳಿಸಿ ಇನ್ನೊಮ್ಮೆ ಓದಿದಳು. ಬಂದರಿನಿಂದ ಹೊಸ ಸೇತುವೆಗೆ ಅಗಲವಾದ ರಸ್ತೆ ಹೋಗಬೇಕಂತೆ. ಅದು ೧೯೬೮ರ ವಸಂತ. ಇಪ್ಪತ್ತೆಂಟು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸಿದ ಕೈ ಕಾಗದವನ್ನು ಮುದ್ದೆ ಮಾಡಿತು.

ಆ ಬೀದಿ ಅಷ್ಟು ನೆಟ್ಟಗಿದ್ದದ್ದು ಹಗ್ಗ ಹೊಸೆಯುವವರಿಂದ. ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಂದೆ ಹಿಂದೆ ನಡೆಯುತ್ತ, ಹಡಗುಗಳಿಗೆ ಅವರು ಹಗ್ಗ ಹೊಸೆದ ಹಾದಿಯದು. ಹೆರಿಂಗ್ ಮೀನು ಕೊಲ್ಲಿಗೆ ನುಗ್ಗಿದ ಕಾಲಕ್ಕೆ ಇಕ್ಕೆಲದಲ್ಲೂ ಮರದ ಮನೆಗಳೆದ್ದವು. ಕೆಳಗೆ ಉಪ್ಪುಮೀನಿನ ಪೀಪಾಯಿ, ಮೇಲೆ ಸಂಸಾರ. ಹೆರಿಂಗ್ ಮಾಯವಾದಾಗ ಅರ್ಧ ಬೀದಿ ಅಮೆರಿಕದ ಹಡಗು ಹತ್ತಿತು. ಆಮೇಲೆ ಕಾರ್ಖಾನೆಗಳು ಬಂದವು, ಅವೂ ಮುಚ್ಚಿದವು. ರಾಗ್ನ್‌ಫ್ರಿಡ್‌ಳ ಮನೆತನ ಮಾತ್ರ ಕದಲಿರಲಿಲ್ಲ.

"ಕೊಳೆತಿದೆ ಅಂದವನು ಒಳಗೆ ಕಾಲಿಟ್ಟಿದ್ನಾ?" ಎಂದು ಪಕ್ಕದ ಮನೆಯ ಓಸ್ವಾಲ್ಡ್‌ನನ್ನು ಕೇಳಿದಳು. ಅವನು ಹಡಗುಕಟ್ಟೆಯ ಮುದಿ ಬಡಗಿ.

"ಹೊರಗಿನ ಹಲಗೆ ನೋಡಿರ್ತಾನೆ ಕಣೇ. ಅದು ಹಾಳಾಗಿದೆ, ನಿಜ. ಅದು ಬರೀ ಅಂಗಿ. ಒಳಗಿನ ದಿಮ್ಮಿನೇ ಬೇರೆ."

"ಹಂಗಾದ್ರೆ ಅಂಗಿ ಬಿಚ್ಚೋಣ. ಹಾರೆ ಕೊಡು."

"ನಿನ್ನ ಮನೇನ ನೀನೇ ಕೀಳ್ತೀಯಾ? ತಲೆ ಕೆಟ್ಟಿದೆಯಾ?"

"ನೀನು ಕೊಡ್ತೀಯೋ, ನಾನೇ ತಗೊಳ್ಳಲೋ?"

ಶನಿವಾರ ಬೆಳಿಗ್ಗೆ, ಜನ ಮೀನು ಕೊಳ್ಳಲು ಬಂದರಿಗೆ ಇಳಿಯುವ ಹೊತ್ತಿಗೆ, ಅವಳು ಏಣಿ ಹತ್ತಿ ಮುಂಗೋಡೆಯ ಹಲಗೆಗಳನ್ನು ಒಂದೊಂದಾಗಿ ಕಿತ್ತೆಸೆದಳು. ಗೊಣಗುತ್ತಲೇ ಓಸ್ವಾಲ್ಡ್ ಏಣಿ ಹಿಡಿದ. ಒಳಗಿನಿಂದ ಜೇನಿನ ಬಣ್ಣದ ಪೈನ್ ದಿಮ್ಮಿಗಳು ಹೊರಬಂದವು, ಮೈಮೇಲೆ ಕೊಡಲಿಯ ಗುರುತು ಹೊತ್ತು. ಮೀನಿನ ಬುಟ್ಟಿ ಹಿಡಿದವರೆಲ್ಲ ಅಲ್ಲೇ ನಿಂತರು.

ಮಧ್ಯಾಹ್ನ ನಗರಸಭೆಯ ಪರೀಕ್ಷಕ ಟ್ವೈಟೆನ್ ಓಡೋಡಿ ಬಂದ. "ಇಳೀರಮ್ಮ, ಅಪಾಯ!"

ಅವಳು ಇಳಿದು ಅವನ ಕೈಗೆ ಬೈರಿಗೆ ಇಟ್ಟಳು. "ಕೊಳೆತಿರೋದು ತೋರಿಸಿ. ಎಲ್ಲಿ ಬೇಕಾದ್ರೂ ಕೊರೀರಿ."

ಅವನು ಕೊರೆದ. ಒಣ ಸುರುಳಿಗಳು ಉದುರಿ, ಬೀದಿಗೆಲ್ಲ ಮರದ ಅಂಟಿನ ವಾಸನೆ ಹರಡಿತು. "ಜೋರಾಗಿ ತಿರುಗ್ಸಪ್ಪಾ! ಊಟ ಮಾಡ್ಲಿಲ್ವಾ?" ಎಂದು ಯಾರೋ ಕೂಗಿದರು, ಜನ ನಕ್ಕರು. ಆರನೇ ತೂತನ್ನು ಅವನು ನೆಲಕ್ಕೆ ತಾಗಿದ ಮೂಲೆಯ ದಿಮ್ಮಿಯಲ್ಲಿ ಕೊರೆದ. ಬೈರಿಗೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ನಗು ನಿಂತಿತು.

ರಾಗ್ನ್‌ಫ್ರಿಡ್ ಬಗ್ಗಿ ಆ ತೂತಿಗೆ ಬೆರಳು ತೂರಿಸಿ ನೋಡಿದಳು. "ಹೌದು, ಅದು ಹೋಗಿದೆ. ಬದಲಾಯಿಸ್ತೀವಿ. ಒಂದು ಹಲ್ಲು ಹುಳುಕಾದ್ರೆ ತಲೇನೇ ಕಡೀತೀರಾ ನೀವು?"

ಟ್ವೈಟೆನ್ ಬೆವರು ಒರೆಸಿಕೊಂಡ. "ಕಂಡಿದ್ದನ್ನ ಕಂಡ ಹಾಗೇ ಬರೀತೀನಿ," ಎಂದ. "ಆದ್ರೆ ಇದು ಒಂದು ಮನೆ."

"ಉಳಿದವೂ ಬಿಚ್ಕೋತಾವೆ. ಸೋಮವಾರ ಬನ್ನಿ."

ಸೋಮವಾರ ಹದಿನಾಲ್ಕು ಮನೆಗಳು ಬತ್ತಲೆ ನಿಂತಿದ್ದವು.

ಬೀದಿ ಪೂರ್ತಿ ಉಳಿಯಲಿಲ್ಲ. ನೀರಿನ ಬದಿಯ ಸಾಲನ್ನು ಶರತ್ಕಾಲದಲ್ಲಿ ಕೆಡವಿದರು; ಅಲ್ಲಿದ್ದವರನ್ನು ಗುಡ್ಡದ ಆಚೆಯ ಕಾಂಕ್ರೀಟ್ ಕಟ್ಟಡಗಳಿಗೆ ಕಳಿಸಿದರು. ಆ ದಿನ ರಾಗ್ನ್‌ಫ್ರಿಡ್ ಅವರ ಮಂಚ, ಪೆಟ್ಟಿಗೆಗಳನ್ನು ಹೊತ್ತು ಲಾರಿಗೆ ಏರಿಸಿದಳು. ಅವಳ ಮನೆಯಿದ್ದ ಮೇಲಿನ ಸಾಲು ನಗರಸಭೆಯಲ್ಲಿ ಒಂದೇ ಮತದ ಅಂತರದಿಂದ ಉಳಿಯಿತು. ರಸ್ತೆ ಸುತ್ತಿ ಹೋಗಬೇಕಾಯಿತು.

ಹೊಸ ಹಲಗೆ ಹೊಡೆದ ಮೇಲೆ, ಬಿಳಿ ಬಣ್ಣವನ್ನೇ ಬಳಿಯಬೇಕೆಂದು ನಗರಸಭೆ ಇನ್ನೊಂದು ಕಾಗದ ಕಳಿಸಿತು. ಅವಳು ರಕ್ತಗೆಂಪು ಬಳಿದಳು.

"ಕಣ್ಣಿಗೆ ಹೊಡೆಯತ್ತಲ್ಲೇ!" ಎಂದ ಓಸ್ವಾಲ್ಡ್.

"ಹೊಡೀಲಿ," ಎಂದು ಅವಳು ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದಳು. "ನಗರಸಭೆಯವರ ಕಿಟಕಿಯಿಂದ ಇದು ನೇರ ಕಾಣತ್ತೆ."