ಮೆಟ್ಟಿಲ ಸರದಿ

ಶನಿವಾರ ಬೆಳಿಗ್ಗೆ ಸೆಂಗಾ ಬಾಗಿಲು ತೆಗೆದಾಗ ಅದರ ಹಿಡಿಯಲ್ಲಿ ಹಲಗೆ ತೂಗುತ್ತಿತ್ತು: ‘ಮೆಟ್ಟಿಲು ತೊಳೆಯುವ ಸರದಿ ನಿಮ್ಮದು.’ ಮೇಲಿನ ಮನೆಯ ಡೂಗಲ್ ತನ್ನ ಸರದಿ ಮುಗಿಸಿ ಅದನ್ನು ನೇತುಹಾಕಿದ್ದ. ಗ್ಲಾಸ್ಗೋದ ಆ ಹಳೆಯ ಕಟ್ಟಡದಲ್ಲಿ ಹಲಗೆಯ ಮಾತಿಗೆ ಎದುರಾಡಿದವರಿಲ್ಲ. ಬಾಗಿಲಿಗೆ ಬಂದರೆ ಬಕೆಟ್ಟು ಹಿಡಿಯಬೇಕು, ಅಷ್ಟೇ.

ಕೆಳಗಿನ ತಿರುವಿನಲ್ಲಿ ಮತ್ತೆ ಯಾರೋ ಚುಚ್ಚಿಕೊಂಡು ಎಸೆದ ಸೂಜಿ ಸಿಕ್ಕಿತು. ಸೆಂಗಾಳ ಪಿತ್ತ ನೆತ್ತಿಗೇರಿತು. ಇದೇ ಕಟ್ಟಡದ ಖಾಲಿ ಅಂಗಡಿಯಲ್ಲಿ, ಚಟದವರು, ಜೀವಕ್ಕೆ ಅಪಾಯವಾದರೆ ಉಳಿಸಲು ನಿಂತ ನರ್ಸ್‌ಗಳ ಕಣ್ಣೆದುರೇ ಮಾದಕವಸ್ತು ಚುಚ್ಚಿಕೊಳ್ಳುವ ಕೋಣೆಯೊಂದು ಬರಲಿತ್ತು. ಅದು ಬೇಕೋ ಬೇಡವೋ ಎಂದು ಅಂದು ಸಂಜೆ ಸಭೆ. ಬೇಡವೆನ್ನುವವರ ಪರವಾಗಿ ಮಾತಾಡಬೇಕಾದವಳು ಸೆಂಗಾಳೇ.

“ಕುಡುಕನ ಕೈಗೆ ಹೆಂಡದಂಗಡಿ ಬೀಗದ ಕೈ ಕೊಟ್ಟ ಹಾಗಾಯ್ತು,” ಎಂದಳು, ಹಾಲು ತರಲು ಇಳಿಯುತ್ತಿದ್ದ ಡೂಗಲ್‌ಗೆ.

“ಬೀಗ ಹಾಕಿದ್ರೆ ಬಿಟ್ಬಿಡ್ತಾರಾ? ಇನ್ನೊಂದು ಮೂಲೆ ಹುಡುಕ್ತಾರೆ.”

“ಹುಡುಕ್ಲಿ, ನನ್ನ ಮೂಲೆ ಬಿಟ್ಟು. ನನ್ನ ಮೊಮ್ಮಗಳು ಇಲ್ಲೇ ಆಡ್ತಾಳೆ. ಅವಳಿಗೆ ಸೂಜಿ ಚುಚ್ಚಿದ್ರೆ ನೀನು ಬರ್ತೀಯಾ?”

ಡೂಗಲ್ ಮೆಟ್ಟಿಲಿಳಿದು ಹಾಲಿಗೆ ಹೋದ.

ಸೆಂಗಾ ತೊಳೆಯುತ್ತ ಕೆಳಗಿಳಿದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಅಂಗಿಯ ತೋಳನ್ನು ಮೇಲೆ ಸರಿಸಿ, ಸೂಜಿ ಹಿಡಿದು ಕೂತಿದ್ದಳು.

“ಎರಡೇ ನಿಮಿಷ ಅಮ್ಮಾ. ಇಲ್ಲಿ ಗಾಳಿ ಹೊಡೆಯಲ್ಲ.”

“ಏಳೇ ಮೇಲೆ! ಇದೇನು ನಿಮ್ಮಪ್ಪನ ಮನೇನಾ?” ಸೆಂಗಾ ಬ್ಲೀಚ್ ಬೆರೆಸಿದ ನೀರನ್ನು ಮೆಟ್ಟಿಲಿಗೆ ಸುರಿದುಬಿಟ್ಟಳು. ಹುಡುಗಿಯ ಬಟ್ಟೆ ನೆನೆಯಿತು. ಬೈಯಲೂ ತ್ರಾಣವಿಲ್ಲದೆ ಎದ್ದು, ಅಂಗಳದಾಚೆ ಕಸದ ತೊಟ್ಟಿಗಳ ಕಡೆ ಹೋದಳು. ಅದನ್ನು ನೋಡಿಯೂ ಸೆಂಗಾ ಮೆಟ್ಟಿಲನ್ನು ಇನ್ನೊಮ್ಮೆ ಉಜ್ಜಿದಳು.

ಗುಡಿಸಿದ ಕಸ ಚೆಲ್ಲಲು ಹೋದಾಗ ತೊಟ್ಟಿಯ ಪಕ್ಕ ಒಂದು ಶೂ ಕಂಡಿತು. ತೊಟ್ಟಿಯ ಹಿಂದೆ ಅದೇ ಹುಡುಗಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು, ಎದೆ ಏಳುತ್ತಿರಲಿಲ್ಲ.

“ಡೂಗಲ್!”

ಆಗಷ್ಟೇ ಮರಳಿದ್ದ ಡೂಗಲ್ ಹಾಲು ಎಸೆದು ಓಡಿಬಂದ. ಮಾದಕವಸ್ತು ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಬಿಡುವ ಮದ್ದನ್ನು ಜೇಬಿನಿಂದ ತೆಗೆದು ಹುಡುಗಿಗೆ ಬಿಟ್ಟ. ಅದನ್ನು ಸದಾ ಇಟ್ಟುಕೊಂಡಿರುತ್ತಾನೆಂದು ಸೆಂಗಾ ಅವನನ್ನು ‘ಡಾಕ್ಟರ್ ಸಾಹೇಬ್ರು’ ಎಂದು ಅಣಕಿಸುತ್ತಿದ್ದಳು.

“ಆಂಬುಲೆನ್ಸ್ ಕರೀತೀನಿ. ನೀನು ಬಾಯಿಗೆ ಬಾಯಿಟ್ಟು ಉಸಿರು ಕೊಡು. ನಿಲ್ಲಿಸ್ಬೇಡ!” ಎಂದ ಡೂಗಲ್.

ಸೆಂಗಾ ಉಸಿರು ಕೊಟ್ಟಳು. ಬಾಗಿದಾಗಲೆಲ್ಲ ಹುಡುಗಿಯ ಬಟ್ಟೆಯಿಂದ ಬ್ಲೀಚಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಾನೇ ಸುರಿದದ್ದು. ಡೂಗಲ್ ಇನ್ನೊಮ್ಮೆ ಮದ್ದು ಬಿಟ್ಟ. ದೇವರೇ, ಏಳಿಸು ಇವಳನ್ನು ಎಂದು ಸೆಂಗಾ ಒಳಗೇ ಬೇಡಿಕೊಂಡಳು.

ಕೊನೆಗೊಮ್ಮೆ ಹುಡುಗಿ ಕೆಮ್ಮಿ ಉಸಿರೆಳೆದಳು. “ನನ್ನ ಶೂ ಎಲ್ಲಿ?” ಎಂದಳು.

ಸೆಂಗಾ ಶೂ ತೊಡಿಸಿ ದಾರ ಕಟ್ಟಿದಳು. ಆಂಬುಲೆನ್ಸ್ ಹೋದ ಮೇಲೆ ಕೇಳಿದಳು: “ನೀನು ಅಂಗಡಿಯಿಂದ ಬಂದೇ ಇರದಿದ್ರೆ?”

ಡೂಗಲ್ ತಾನು ಎಸೆದಿದ್ದ ಹಾಲನ್ನು ಎತ್ತಿಕೊಂಡ.

ಸಂಜೆ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ನಮ್ಮ ಸೆಂಗಾ ಮಾತಾಡ್ತಾಳೆ, ಕೇಳ್ರಪ್ಪಾ!” ಎಂದು ಪಬ್ಬಿನ ಮಾಲೀಕ ಫರ್ಗಸ್ ಕೂಗಿದ. ಚಪ್ಪಾಳೆ ಬಿತ್ತು.

“ಆ ಕೋಣೆ ನಂಗಿಷ್ಟ ಇಲ್ಲ. ಈಗ್ಲೂ ಇಲ್ಲ,” ಎಂದಳು ಸೆಂಗಾ. ಮತ್ತೆ ಚಪ್ಪಾಳೆ. “ಆದ್ರೆ ಬೆಳಿಗ್ಗೆ ಒಂದು ಹುಡುಗೀನ ಓಡಿಸ್ದೆ. ಕಸದ ತೊಟ್ಟಿ ಹಿಂದೆ ಹೋಗಿ ಸಾಯ್ತಾ ಬಿದ್ದಿದ್ಲು.”

“ಏನವ್ವಾ, ಪಕ್ಷ ಬದಲಾಯಿಸ್ಬಿಟ್ಯಾ?” ಎಂದ ಫರ್ಗಸ್.

“ಓಡಿಸ್ಬೇಕು ಅನ್ನೋರು ಎಲ್ಲಿಗೆ ಅಂತ ಹೇಳಿ. ನಾನು ಕೂತ್ಕೋತೀನಿ.”

ಸೆಂಗಾ ನಿಂತೇ ಇದ್ದಳು.

ವಸಂತದಲ್ಲಿ ಕೋಣೆ ತೆರೆಯಿತು. ಫರ್ಗಸ್ ಈಗಲೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವಳಿಗೂ ಅಳುಕು ಪೂರ್ತಿ ಹೋಗಿಲ್ಲ, ಮೊಮ್ಮಗಳು ಬರುವ ಮುಂಚೆ ಮೂಲೆಮೂಲೆ ತಡಕುತ್ತಾಳೆ. ಸರದಿ ಮತ್ತೆ ಬಂದಾಗ ಮೆಟ್ಟಿಲು ತೊಳೆದು ಮುಗಿಸಿ, ಹಲಗೆಯನ್ನು ಎದುರುಮನೆಗೆ ಹಾಕದೆ ಕೆಳಗಿಳಿದು ಆ ಕೋಣೆಯ ಹೊಸ ಬಾಗಿಲ ಹಿಡಿಗೆ ನೇತುಹಾಕಿದಳು.

ನರ್ಸ್ ಹೊರಬಂದು ಓದಿ ಕಕ್ಕಾಬಿಕ್ಕಿಯಾದಳು. “ಇದು ನಮಗಾ?”

“ಈ ಕಟ್ಟಡದಲ್ಲಿ ಇರೋರೆಲ್ಲ ತೊಳೀಬೇಕು ತಾಯಿ,” ಎಂದಳು ಸೆಂಗಾ. “ಬಕೆಟ್ಟು ಇಲ್ದಿದ್ರೆ ನಂದು ತಗೊಳ್ಳಿ.”