ಡಬ್ಬಿಯೊಳಗಿನ ಒಂದು ಬಡಿತ

ಹೆದರಿಕಿ ಅನ್ನೂದು ನನಗ ಗೊತ್ತಿರಲಿಲ್ರೀ. ನಿಗಡಿ ಅನ್ನೂ ಊರಾಗ ಇಪ್ಪತ್ತೆರಡು ವರ್ಷ ಗಾಡಿ ಕೆಲಸ ಮಾಡೇನಿ. ದೆವ್ವ ಭೂತ ಅಂದವ್ರಿಗೆ "ಹೋಗ್ರೀ, ಚಹಾ ಕುಡೀರಿ" ಅಂತ ನಕ್ಕು ಕಳಿಸಾಂವ ನಾನು, ಶಂಕ್ರೆಪ್ಪ. ಆದ್ರ ಆ ಡಬ್ಬಿ ತಿರುಗಿ ನನ್ನ ವರ್ಕ್‌ಶಾಪಿಗೆ ಬಂದ ದಿನ ಹೆದರಿಕಿ ಅಂದ್ರೇನಂತ ತಿಳೀತು.

ಡಬ್ಬಿ ಅಂದ್ರ ಕ್ಯಾಂಪರ್. ಪಿಕಪ್ಪಿನ ಬೆನ್ನಮ್ಯಾಲೆ ಕೂಡಿಸೂ ಸಣ್ಣ ಮನಿ, ಒಳಗ ಒಂದು ಹಾಸಿಗಿ, ಒಂದು ಒಲಿ, ನೀರಿನ ಟಾಕಿ. ನನ್ನ ಗೆಳೆಯಾ ನಿತಿನ ಆಸೆಪಟ್ಟು ಮಾಡಿಸಿದ್ದ. ಅಂವಂದು ಹತ್ತಿರದ ಬಿಬವೇವಾಡಿಯೊಳಗ ಹೋಟೆಲ್, ಊರು ಕುಂದಾಪುರದ ಕಡೆ. ಮೂರು ವರ್ಷದ ಹಿಂದ ಡಬ್ಬಿ ಹೇರಿಕೊಂಡು ಊರಿಗೆ ಹೊರಟಾಂವ ಘಾಟಿನ ತಿರುವಿನ್ಯಾಗ ಉರುಳಿ ಸತ್ತ. ಗಾಡಿ ಚೂರುಚೂರಾತು, ಡಬ್ಬಿಗೆ ಒಂದು ಮೂಲಿ ತಗ್ಗು ಬಿದ್ದಿತ್ತಷ್ಟ. ಜೋರು ಹೊಡೆದಾನ ಅಂತ ಪೊಲೀಸರು ಬರಕೊಂಡ್ರು. ನಾ ಸುಮ್ಮನಿದ್ದೆ.

ಈಗ ಅವನ ಹೆಂಡತಿ ಚಿತ್ರಾ ವೈನಿ ಹೊಸ ಪಿಕಪ್ ತಗೊಂಡು, ಅದೇ ಡಬ್ಬಿ ತಂದು ನನ್ನ ಮುಂದ ಇಳಿಸಿದ್ರು. "ಶಂಕ್ರಣ್ಣ, ನೀವೇ ಕೂರಿಸಿ ಕೊಡ್ಬೇಕು. ನಾನು, ಅಕ್ಕು ಊರಿಗೆ ಹೋಗ್ತೇವೆ. ನಾನೇ ಓಡಿಸ್ತೇನೆ" ಅಂದ್ರು. ಅಕ್ಕು ಅಂದ್ರ ಮಗಳು, ಎಂಟು ವರ್ಷದಾಕಿ. ಒಲ್ಲೆ ಅಂದ್ರ ಬ್ಯಾರೆ ಯಾವನೋ ಅರೆಬರೆ ಬಿಗಿದು ಕೊಟ್ಟಾನು, ತಾಯಿ ಮಗಳು ಅದೇ ಘಾಟು ಇಳೀಬೇಕು. ಹೂಂ ಅಂದೆ.

ಈ ಸಲ ಒಂದೂ ಬಿಡಲಿಲ್ಲ. ಟಾಕಿಗೆ ನೀರು ತುಂಬಿ, ಸಿಲಿಂಡರ್ ಇಟ್ಟು, ಪಾತ್ರಿ ಪಡಗ ಸುದ್ದಾ ಏರಿಸಿ ಕಾಟಾದ ಮ್ಯಾಲೆ ತೂಕ ಮಾಡಿಸಿದೆ. ಗಾಡಿ ಹೊರೂ ತೂಕಕ್ಕಿಂತ ಕಡಿಮೀನೇ ಬಂತು. ಭಾರ ಹಿಂದಿನ ಗಾಲಿಗಿಂತ ತುಸು ಮುಂದ ಬೀಳೂಹಂಗ ಡಬ್ಬಿ ಸರಿಸಿದೆ, ಇಲ್ಲಂದ್ರ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳೂದಿಲ್ಲ. ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪಾಟಾ, ಅಂದ್ರ ಉಕ್ಕಿನ ಪಟ್ಟಿ, ಹೆಚ್ಚಿಗಿ ಹಾಕಿದೆ, ಜಾರದಂಗ ತಳಕ್ಕ ರಬ್ಬರ್ ಹಾಸಿದೆ. ನಾಲ್ಕೂ ಮೂಲಿಯ ಕೊಂಡಿ ಸೀದಾ ಚಾಸಿಗೇ ಬೋಲ್ಟ್ ಹಾಕಿ ಬಿಗಿದೆ. ಚಾಸಿ ಅಂದ್ರ ಗಾಡಿಯ ಎಲುಬು. ಪಕ್ಕದ ತಗಡು ಬರೇ ತೊಗಲು, ಅದಕ್ಕ ಬಿಗೀಬಾರದು. ಇದು ನನಗ ಆವಾಗೂ ಗೊತ್ತಿತ್ತು.

ಗೊತ್ತಿದ್ದೂ ನಿತಿನನ ಗಾಡಿಗೆ ತಗಡಿಗೇ ಬಿಗಿದಿದ್ದೆ. ಅವತ್ತು ಗುರುವಾರ. ನಮ್ಮ ಕಡೆ ಗುರುವಾರ ಕರೆಂಟ್ ತೆಗೀತಾರ, ಡ್ರಿಲ್ ತಿರುಗಲಿಲ್ಲ. ನಿತಿನಗ ಊರು ಮುಟ್ಟೂ ಅವಸರ. "ಈಗ ತಗಡಿನ ಕೊಂಡಿಗೇ ಹಾಕತೇನಿ, ತಿರುಗಿ ಬಂದ ಮ್ಯಾಲೆ ಚಾಸಿಗೆ ಹಾಕೂಣು" ಅಂದೆ. ನಮ್ಮ ವರ್ಕ್‌ಶಾಪಿನ್ಯಾಗ ಒಂದು ಪದ್ಧತಿ ಅದ. ಬಿಗಿಯೂವಾಗ ಒಬ್ಬಾಂವ ಡಬ್ಬಿಯೊಳಗ ಕೂತು ಕಿಡಕ್ಯಾಗಿಂದ ಕೊಂಡಿ ನೋಡತಾನ. ಕೂಗಿದ್ರ ಹೊರಗ ಕೇಳೂದಿಲ್ಲ, ಅದಕ್ಕ ಒಳಗಿಂದ ಬಡೀತಾನ. ಎರಡು ಬಡಿದ್ರ ಇನ್ನೂ ಬಿಗಿ, ಒಂದು ಬಡಿದ್ರ ನಿಲ್ಲು. ಅವತ್ತು ಒಳಗ ಕೂತಾಂವ ನಿತಿನ. ತಗಡು ಬಾಗೂದು ಅವಗ ಕಂಡಿರಬೇಕು, ಒಂದು ಬಡಿದ. "ಲೇ, ಹೋಟೆಲಿನಾಂವಗ ಗಾಡಿದೇನ್ ತಿಳೀತದೋ? ಇಡ್ಲಿ ಬೇಯಿಸು ಹೋಗು" ಅಂತ ಕಿಡಕಿಗೆ ಬಾಯಿ ಹಚ್ಚಿ ಚಾಷ್ಟಿ ಮಾಡಿ ಬಿಗಿದೇ ಬಿಟ್ಟೆ. ಅಂವನೂ ನಕ್ಕ. ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು.

ಈಗ ಹೊಸ ಕೊಂಡಿ ಬಿಗಿಯೂವಾಗ ಒಳಗ ಯಾರೂ ಇರಲಿಲ್ಲ. ಪಾನಾ ತಿರುವಿದೆ. ಠಕ್. ಒಂದೇ. ಬಾಗಿಲಾ ತೆಗೆದು ನೋಡಿದೆ, ಹಾಸಿಗಿ ಒಲಿ ಬಿಟ್ರ ಏನಿಲ್ಲ. ಬಿಚ್ಚಿ, ಬೋಲ್ಟ್ ಬದಲಿಸಿ, ಮತ್ತ ಬಿಗಿದೆ. ಠಕ್. ನೀರು ಅಲುಗಿರಬೇಕಂತ ಟಾಕಿ ಖಾಲಿ ಮಾಡಿದೆ. ಬಿಸಿಲಿಗೆ ತಗಡು ಸೆಟೆದಿರಬೇಕಂತ ನೆರಳಿಗೆ ಒಯ್ದೆ. ಠಕ್. ಮೂರು ದಿನಾ ಇದೇ ಹಾಡು. "ಲೇ ನಿತ್ಯಾ, ಎಲ್ಲಾ ಸರಿ ಮಾಡೇನಲ್ಲೋ, ಇನ್ನೇನ್ ಬೇಕು ನಿನಗ!" ಅಂತ ಹಾಡೇ ಹಗಲಿನ್ಯಾಗ ಒದರಿದೆ. ಆಮ್ಯಾಲೆ ಅಲ್ಲೇ ಗಾಲಿಗೆ ಬೆನ್ನು ಆನಿಸಿ ಕೂತು ಅತ್ತೆ.

ನಾಲ್ಕನೇ ದಿನ ವೈನಿ ಮಗಳನ್ನ ಕರಕೊಂಡು ಗಾಡಿ ಒಯ್ಯಾಕ ಬಂದ್ರು. ಕಡೀ ಸಲ ಬಿಗಿದು ತೋರಿಸಾಕ ಹೋದೆ. ಠಕ್.

ವೈನಿ ಬೆಚ್ಚಲಿಲ್ಲ. "ನಿಮಗೂ ಕೇಳ್ತದಾ?" ಅಂದ್ರು. "ಮೂರು ವರ್ಷ ಹೋಟೆಲಿನ ಹಿಂದೆ ನಿಂತಲ್ಲೇ ಬಡೀತಿತ್ತು ಶಂಕ್ರಣ್ಣ. ದಿನಾ ಒಂದೇ ಸಲ. ಹಾಗೆಂದ್ರೆ ಎಂತ? ನಿಮಗೆ ಗೊತ್ತುಂಟು ಅಲ್ವಾ? ಅದಕ್ಕೇ ನಿಮ್ಮ ಹತ್ರ ತಂದದ್ದು."

ಇನ್ನ ಮುಚ್ಚಿಡಾಕ ಆಗಲಿಲ್ಲ. ಗುರುವಾರದ್ದು, ತಗಡಿಂದು, ಚಾಷ್ಟಿ ಮಾಡಿದ್ದು ಎಲ್ಲಾ ಹೇಳಿದೆ. "ನಿಲ್ಲು ಅಂತ ಬಡಿದಿದ್ದ, ವೈನಿ. ನಾ ನಿಲ್ಲಲಿಲ್ಲ. ನಿಮ್ಮ ಗಂಡನ್ನ ನಾನೇ ಕೊಂದೆ." ಚಪ್ಪಲೀಲೆ ಹೊಡೀಲಿ ಅಂತ ತಲಿ ತಗ್ಗಿಸಿ ನಿಂತೆ.

ಅವರು ಹೊಡೀಲಿಲ್ಲ. ಗಾಡಿಗೆ ಕೈಯೂರಿ ನಿಂತ್ರು.

"ಘಾಟಿಯಿಂದ ನನಗೆ ಫೋನ್ ಮಾಡಿದ್ರು. ತಗಡು ಹರೀತಾ ಉಂಟು, ಇಲ್ಲೇ ನಿಲ್ಲಿಸ್ತೇನೆ ಅಂದ್ರು. ಮರುದಿನ ಅಕ್ಕುವಿನ ಹುಟ್ಟುಹಬ್ಬ. ನಾನು ತವರಲ್ಲಿ ಎಲ್ಲರನ್ನೂ ಕರೆದು ಕೂತಿದ್ದೆ. ನಿಮ್ಮದು ಯಾವಾಗ್ಲೂ ಇದೇ ಕಥೆ ಮಾರಾಯ್ರೆ, ನಿಲ್ಲಿಸ್ಬೇಡಿ, ಬನ್ನಿ ಅಂದೆ." ಮಗಳ ಕಡೆ ನೋಡಿದ್ರು. "ಯಾರಿಗೂ ಹೇಳ್ಲಿಲ್ಲ ನಾನು."

ಅಕ್ಕು ಆಗಲೇ ಮುಂದಿನ ಸೀಟಿನ್ಯಾಗ ಏರಿ ಕೂತಿದ್ಲು. "ಅಮ್ಮಾ, ಹೋಗುವನಾ?" ಅಂತ ಕೂಗಿದ್ಲು.

ವೈನಿ ಕಣ್ಣೊರೆಸಿಕೊಂಡ್ರು. "ಶಂಕ್ರಣ್ಣ, ಗಾಡಿ ಸರಿ ಉಂಟಾ?"

"ಆಣಿ ಮಾಡಿ ಹೇಳತೇನಿ. ಕೂದಲೆಳಿಯಷ್ಟೂ ಅಲುಗೂದಿಲ್ಲ."

"ಆದ್ರೂ ಇಳಿಸಿ. ಇವತ್ತಾದ್ರೂ ಅವರು ಹೇಳಿದ್ದು ಕೇಳುವ."

ನಾಲ್ಕೂ ಕೊಂಡಿ ನಾನೇ ಬಿಚ್ಚಿ ಡಬ್ಬಿ ಕೆಳಗಿಳಿಸಿದೆ. ತಾಯಿ ಮಗಳು ಪಿಕಪ್ಪನ್ನೂ ಇಲ್ಲೇ ಬಿಟ್ಟು ಬಸ್ಸಿಗೆ ಊರಿಗೆ ಹೋದ್ರು, ಸುಖವಾಗಿ ಮುಟ್ಟಿದ್ವಿ ಅಂತ ಫೋನೂ ಮಾಡಿದ್ರು.

ಡಬ್ಬಿ ನನ್ನ ಕಡೇನೇ ಅದ. ಇಳಿಸಿದ ದಿನದಿಂದ ಬಡಿದಿಲ್ಲ. ಊಟದ ಹೊತ್ತಿಗೆ ಹೋಗಿ ಅದರೊಳಗ ಕೂಡತೇನಿ. ಬೈಯಾಕರೆ ಒಮ್ಮೆ ಬಡಿಯೋ ಅಂತೇನಿ. ಏನೂ ಇಲ್ಲ. ಮೂರು ವರ್ಷ ಅಂವಾ ಇಲ್ಲೇ ನಮ್ಮ ಜೋಡಿ ಇದ್ದ, ಈಗ ಖರೇ ಸತ್ತಾನ್ರೀ.