ಗುಡ್ಡದ ವಸ್ತಿ

ಏಳನೆಯ ಇಯತ್ತೆಯ ಗಂಡುಹುಡುಗರನ್ನು ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ಗುಡಿಸಲಿಗೆ ಒಂದು ರಾತ್ರಿಯ ವಸ್ತಿಗೆ ಕರೆದುಕೊಂಡು ಹೋಗುವುದು ಆ ಶಾಲೆಯಲ್ಲಿ ಯಾವಾಗಿನಿಂದಲೋ ನಡೆದುಬಂದಿತ್ತು. ಹುಡುಗಿಯರನ್ನೂ ಕರೆದೊಯ್ಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಲೀಲಾಬಾಯಿಗೆ. ಎಪ್ಪತ್ತನಾಲ್ಕನೆಯ ಇಸವಿಯ ದೀಪಾವಳಿ ಸೂಟಿ ಮುಗಿದ ಮೇಲೆ, ಹೆಡ್ ಮಾಸ್ತರರ ಎದುರು ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು.

ಹೆಡ್ ಮಾಸ್ತರರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಬಾಯಿಯವರ, ಹುಡುಗ್ಯಾರು ಅಂದ್ರ ಗಾಜಿನ ಸಾಮಾನ ಇದ್ದಂಗ. ಒಡದ್ರ ಊರ ಮುಂದ ನೀವು ನಿಲ್ಲಬೇಕಾಗ್ತದ, ನಾ ಅಲ್ಲ. ಒಮ್ಮೆ ಏನರೆ ಹೆಚ್ಚುಕಡಿಮಿ ಆತಂದ್ರ ಇದ ಮೊದಲ, ಇದ ಕಡೀದು. ಮುಂದ ಯಾವ ಹುಡುಗೀನ್ನೂ ಊರವರು ಅಗಸಿ ದಾಟಿಸಂಗಿಲ್ಲ. ವಿಚಾರ ಮಾಡ್ರಿ."

ಲೀಲಾಬಾಯಿ ವಿಚಾರ ಮಾಡಿದಳು. ವಿಚಾರ ಮಾಡುವುದೊಂದು ಅವಳಿಗೆ ರೂಢಿ. ಹುಬ್ಬಳ್ಳಿಯ ಸಂಜೆ ಶಾಲೆಯಲ್ಲಿ ಓದಿ ಮಾಸ್ತರಕಿಗೆ ಬಂದವಳು ಎಂದು ಉಳಿದವರು ಅವಳನ್ನು ಅರ್ಧ ಮಾಸ್ತರು ಎಂದೇ ಎಣಿಸಿದ್ದರು. ತಾನೂ ಹಾಗೆಯೇ ಎಣಿಸಿಕೊಂಡಿದ್ದಳು. ಬೋರ್ಡಿನ ಮೇಲೆ ಬರೆದದ್ದನ್ನು ಮೂರು ಸಲ ಓದಿ, ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಮಕ್ಕಳ ಕಡೆಗೆ ತಿರುಗುವವಳು. ಅಂಥವಳು ಈ ಮಾತಿನಲ್ಲಿ ಮಾತ್ರ ಹಿಂದೆ ಸರಿಯಲಿಲ್ಲ. ಮನೆ ಮನೆಗೆ ಹೋಗಿ ಕೂತು ಕೇಳಿಕೊಂಡಳು.

ಎಲ್ಲರೂ ಒಂದೇ ಮಾತು ಹೇಳಿದರು: "ಶಂಭುಲಿಂಗಪ್ಪ ಏನಂತಾನ ನೋಡ್ರಿ."

ಶಂಭುಲಿಂಗಪ್ಪ ಊರಿನ ಹಿರಿಯ ರೈತ, ಲಿಂಗವಂತರೊಳಗೆ ನೇಮಸ್ಥ. ಅವನ ಒಬ್ಬಳೇ ಮಗಳು ಗುರವ್ವ ಲೀಲಾಬಾಯಿಯ ವರ್ಗದ ಮೊದಲ ನಂಬರಿನ ಹುಡುಗಿ. ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಹೇಳಿದ: "ಕಳಸ್ತೀನ್ರಿ. ಆದ್ರ ಒಂದು ಮಾತು. ನಮ್ಮ ಮನ್ಯಾಗ ಲಿಂಗಪೂಜಿ ಆಗದ ಒಂದು ತುತ್ತು ಬಾಯಿಗೆ ಹೋಗಂಗಿಲ್ಲ, ಒಂದು ಗುಟುಕು ನೀರೂ ಇಳಿಯಂಗಿಲ್ಲ. ಆ ನೇಮ ಗುಡ್ಡದ ಮ್ಯಾಲೂ ತಪ್ಪಬಾರದು. ನೀವು ನಮ್ಮ ಮಂದಿ ಅಲ್ಲ, ಅದಕ್ಕ ಹೇಳಾಕತ್ತೀನಿ."

"ತಪ್ಪಾಂಗಿಲ್ಲ. ಅದು ನನ್ನ ಜವಾಬ್ದಾರಿ," ಎಂದಳು ಲೀಲಾಬಾಯಿ.

ಒಳಗಿನಿಂದ ಗುರವ್ವನ ಅಜ್ಜಿ ಕೂಗಿ ಹೇಳಿದಳು: "ಅಕ್ಕೋರ, ಕೊರಳಾಗಿನ ಲಿಂಗ ಹೋತಂದ್ರ ಜೀವಾನ ಹೋದಂಗ ನಮಗ. ಅದನ್ನೂ ಲಕ್ಷ್ಯದಾಗ ಇಟಗೋರಿ."

ಲೀಲಾಬಾಯಿ ಅದನ್ನೂ ಲಕ್ಷ್ಯದಲ್ಲಿಟ್ಟುಕೊಂಡಳು.

ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಸಾಲಿ ಬಿಟ್ಟ ಕೂಡಲೇ ಒಂಬತ್ತು ಹುಡುಗಿಯರು, ಲೀಲಾಬಾಯಿ, ಜೊತೆಗೆ ಶಾಲೆಗೆ ನೀರು ತುಂಬುವ ಸಾವಂತ್ರೆವ್ವ ಹೊರಟರು. ಬಗಲಲ್ಲಿ ರೊಟ್ಟಿ ಗಂಟು, ಹೆಗಲ ಮೇಲೆ ಕಂಬಳಿ. ದುಮ್ಮವಾಡದ ರಸ್ತೆ ಬಿಟ್ಟು ಭತ್ತದ ಗದ್ದೆಗಳ ಬದುವಿಗೆ ಇಳಿದದ್ದೇ ತಡ, ಹುಡುಗಿಯರ ದನಿ ಒಮ್ಮೆಲೇ ಬದಲಾಯಿತು. ಊರೊಳಗೆ ಗೋಡೆಗುಂಟ ನಡೆಯುವವರು ಇಲ್ಲಿ ಕೈ ಬೀಸಿಕೊಂಡು ನಡೆಯತೊಡಗಿದರು. ಕಸ್ತೂರೆವ್ವ ಎಂಬ ಬಾಯಾಳಿ ಹುಡುಗಿ ಎಲ್ಲರಿಗಿಂತ ಮುಂದೆ.

"ಸಾವಂತ್ರಕ್ಕಾ, ಹುಲಿ ಬಂದ್ರ ಯಾರ್ನ ಮೊದಲ ತಿಂತೈತಿ?"

"ಹೆಚ್ಚು ಮಾತಾಡೋರ್ನ, ಬೇ. ನಿನ್ನ ನಾಲಿಗಿ ಒಂದ ಸಾಕು ಅದಕ್ಕ, ಎರಡು ದಿನಾ ಉಂಡೀತು."

ಗುರವ್ವ ಮಾತ್ರ ಹಿಂದೆ ಲೀಲಾಬಾಯಿಯ ಬಾಜೂಕ್ಕೆ ನಡೆಯುತ್ತಿದ್ದಳು. ಮೂಗು ಸೋರುತ್ತಿತ್ತು. ನಡುನಡುವೆ, ಎದೆಯ ಮೇಲೆ ಕೆಂಪು ವಸ್ತ್ರದಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಅಕ್ಕೋರ, ಮ್ಯಾಲಿಂದ ನಮ್ಮೂರು ಕಾಣಸ್ತೈತ್ರಿ?"

"ಕಾಣಸ್ತದ. ನಿಮ್ಮ ಮನಿ ಮಾಳಗಿನೂ ಕಾಣಬಹುದು."

"ನಮ್ಮ ಮನಿ ಒಳಗಿಂದ ಗುಡ್ಡ ಕಾಣಂಗಿಲ್ರಿ," ಎಂದಳು ಗುರವ್ವ. ಅದೇ ದೊಡ್ಡ ಸೋಜಿಗವೆಂಬಂತೆ ಮತ್ತೆ ಮತ್ತೆ ತಲೆಯೆತ್ತಿ ನೋಡಿದಳು.

ಸಂಜೆಯ ಹೊತ್ತಿಗೆ ಗುಡಿಸಲು ಮುಟ್ಟಿದರು. ಅದು ಕಾವಲಿನವರು ಯಾವ ಕಾಲಕ್ಕೋ ಕಟ್ಟಿ ಬಿಟ್ಟದ್ದು. ಮೇಲೆ ಹುಲ್ಲು, ಕೆಳಗೆ ಹಾಸುಗಲ್ಲು, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಪಕ್ಕದಲ್ಲಿ ಹಳ್ಳ, ಮೊಳಕಾಲುದ್ದ ನೀರು. ಹುಡುಗಿಯರು ಕಟ್ಟಿಗೆ ಆರಿಸಿ ತಂದು ರಾಶಿ ಹಾಕಿದರು. ಹುಗ್ಗಿಗೆ ಇಡಬೇಕು ಎನ್ನುವಾಗ ಲೀಲಾಬಾಯಿ ತಡೆದಳು.

"ಎಲ್ಲಾರೂ ಮೊದಲ ಹಳ್ಳದಾಗ ಸ್ನಾನಾ ಮಾಡಿ ಬರ್ರಿ. ಆಮ್ಯಾಲೆ ಪಾತ್ರಿಗೆ ಕೈ ಹಚ್ಚೂಣು."

ಮೈತೊಳೆಯದೆ ಒಲೆ ಮುಟ್ಟುವುದು ಅವಳಿಂದ ಆಗದ ಮಾತು. ಅವಳ ತಾಯಿ, ತಾಯಿಯ ತಾಯಿ ಎಲ್ಲರೂ ಹಾಗೆಯೇ ಬದುಕಿದ್ದರು. ಅದರ ಮೇಲೆ, ಯಾವ ಮನೆಯವರೂ ನಾಳೆ ಅಡಿಗೆ ಹೊಲಸಾಗಿತ್ತು ಎನ್ನಬಾರದು ಎಂಬ ಎಚ್ಚರಿಕೆ ಬೇರೆ.

"ಅಕ್ಕೋರ, ನನಗ ನೆಗಡಿ ಐತ್ರಿ. ನಾ ಕಾಲು ಮೋತಿ ತೊಳಕೊಂತೀನಿ," ಎಂದಳು ಗುರವ್ವ.

"ಒಬ್ಬಾಕಿಗೊಂದು, ಇನ್ನೊಬ್ಬಾಕಿಗೊಂದು ಆಗಬಾರದು ತಂಗಿ. ಎರಡು ಬೊಗಸಿ ಹಾಕ್ಕೊ, ಸಾಕು."

ಗುರವ್ವ ಇಳಿದಳು. ಉಳಿದವರು ಅವಳ ಮೇಲೆ ನೀರೆರಚಿ ಕೇಕೆ ಹಾಕಿದರು. ಅವಳೂ ನಕ್ಕು ಎರಚಿದಳು. ದಂಡೆಗೆ ಬಂದು ಒದ್ದೆ ಪೋಲಕ ಹಿಂಡಿಕೊಳ್ಳುವಾಗ ಅವಳ ಕೈ ಎದೆಯ ಮೇಲೆ ನಿಂತಿತು. ಕೊರಳಲ್ಲಿ ಹಳೆಯ ಶಿವದಾರದ ತುಂಡೊಂದು ಜೋತಾಡುತ್ತಿತ್ತು, ಅಷ್ಟೇ.

ಕತ್ತಲಾಗುವವರೆಗೆ ಎಲ್ಲರೂ ಹುಡುಕಿದರು. ಹಳ್ಳ ಸಣ್ಣದಾದರೂ ಕೆಳಗೆ ಇಳಿಜಾರು. ಬಂಡೆಗಳ ನಡುವೆ ನೀರು ಜಿಗಿದು ಹೋಗುತ್ತಿತ್ತು. ಕೆಂಪು ಬಟ್ಟೆಯ ಚೂರೂ ಕಾಣಲಿಲ್ಲ. ಮರಳಿ ಬಂದು ಗುರವ್ವ ಗುಡಿಸಲಿನ ಮೂಲೆಯಲ್ಲಿ ಮೊಳಕಾಲು ತಬ್ಬಿಕೊಂಡು ಕೂತಳು. ಅಳಲಿಲ್ಲ. ಹುಗ್ಗಿಯ ಪರಿಮಳ ಬಂತು, ಉಳಿದವರು ಉಂಡರು, ಅವಳು ಕದಲಲಿಲ್ಲ.

"ಬೂದಿ ಹಚಗೊಂಡು ಶಿವಾ ಅಂದು ಒಂದು ತುತ್ತು ತಿನ್ನು ಮಗಳ," ಎಂದಳು ಸಾವಂತ್ರೆವ್ವ. "ದೇವರೇನು ನಿನ್ನ ಹೊಟ್ಟಿ ಮ್ಯಾಲೆ ಕಣ್ಣಿಟ್ಟು ಕೂತಾನ?"

ಗುರವ್ವ ಒಲ್ಲೆನೆಂದು ತಲೆಯಾಡಿಸಿದಳು. ಲಿಂಗ ಹೋದ ಮೇಲೆ ಉಗುಳೂ ನುಂಗಬಾರದು ಎಂದು ಅಜ್ಜಿ ಕಲಿಸಿದ್ದಳಂತೆ. ಬಾಯಲ್ಲಿ ಕೂಡಿದ್ದನ್ನು ಒಲೆಯ ಬೂದಿಗೆ ಉಗುಳುತ್ತ ಕೂತಳು. ಮಠದ ಅಯ್ಯನವರು ಹೊಸ ಲಿಂಗ ಕಟ್ಟುವವರೆಗೆ ಹೀಗೆಯೇ ಎಂದಳು.

ಲೀಲಾಬಾಯಿಗೆ ಕಣ್ಣು ಹತ್ತಲಿಲ್ಲ. ಹುಡುಗಿ ನೀರಿಲ್ಲದೆ ನಾಳೆ ಎರಡು ಹರದಾರಿ ಹೇಗೆ ಇಳಿದಾಳು? ನಡುದಾರಿಯಲ್ಲಿ ಕುಸಿದರೆ? ಅದಕ್ಕಿಂತ ದೊಡ್ಡ ಅಂಜಿಕೆ ಬೇರೆಯಿತ್ತು. ಅದನ್ನು ತನ್ನೆದುರು ತಾನೇ ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಲಿಂಗ ಹೋಯಿತು ಎಂದು ಅಗಸಿಯಲ್ಲಿ ಸುದ್ದಿಯಾದರೆ ಇದೇ ಮೊದಲು, ಇದೇ ಕಡೆಯದು. ಈ ಒಂಬತ್ತು ಹುಡುಗಿಯರ ತಂಗಿಯರು ಗೋಡೆಗುಂಟ ನಡೆಯುತ್ತಲೇ ಉಳಿಯುತ್ತಾರೆ. ಹೆಡ್ ಮಾಸ್ತರರು ಎಲೆಯಡಿಕೆ ಅಗಿಯುತ್ತ ತನ್ನ ಕಡೆಗೆ ನೋಡುತ್ತಾರೆ.

ಮಸುಕು ಬೆಳಕಿಗೆ ಅವಳೊಬ್ಬಳೇ ಹಳ್ಳಕ್ಕೆ ಹೋದಳು. ಮತ್ತೆ ಹುಡುಕಿದಳು, ನಿಜವಾಗಿಯೇ ಹುಡುಕಿದಳು. ಕೈಗಳು ಮರಗಟ್ಟಿದವು. ಕೈಗೆ ಬಂದದ್ದೆಲ್ಲ ಕಲ್ಲು. ಅದರಲ್ಲೊಂದು ದುಂಡಗೆ, ನುಣ್ಣಗೆ, ಹುಡುಗಿಯ ಅಂಗೈಗೆ ತಕ್ಕಷ್ಟು ಇತ್ತು. ಅದನ್ನು ಕೆಳಗೆ ಹಾಕಿದಳು. ಮತ್ತೆ ಎತ್ತಿಕೊಂಡಳು. ಹುಗ್ಗಿಯ ಪಾತ್ರೆ ದಂಡೆಯ ಮೇಲೆ ತೊಳೆಯಲು ಇಟ್ಟಿತ್ತು. ಅದರ ತಳದ ಮಸಿಯನ್ನು ಬೆರಳಿನಿಂದ ತೆಗೆದು, ತಾನು ತಂದಿದ್ದ ತಲೆಗೆ ಹಚ್ಚುವ ಎಣ್ಣೆಯಲ್ಲಿ ಕಲಸಿ, ಕಲ್ಲಿಗೆ ತಿಕ್ಕಿ ತಿಕ್ಕಿ ಲಿಂಗದಂಥ ಕಪ್ಪು ಹೊಳಪು ತಂದಳು. ತನ್ನ ಕರವಸ್ತ್ರದಲ್ಲಿ ಕಟ್ಟಿದಳು. ಎಲ್ಲವನ್ನೂ ಮೂರು ಸಲ ನೋಡಿಕೊಂಡಳು.

"ಗುರವ್ವಾ, ಸಿಕ್ಕಿತು ನೋಡು! ವಸ್ತ್ರ ಹರದು ಹೋಗ್ಯದ, ಬಂಡೆಗಲ್ಲಿನ ಸಂದಿಯೊಳಗ ಇತ್ತು."

ಹುಡುಗಿಯರೆಲ್ಲ ಓ ಎಂದು ಕೂಗಿದರು. ಸಾವಂತ್ರೆವ್ವ ಎರಡೂ ಕೈ ಜೋಡಿಸಿದಳು. ಗುರವ್ವ ಗಂಟು ಬಿಚ್ಚಿ, ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ನಿತ್ಯ ಅದೇ ಅಂಗೈಯಲ್ಲಿ ಲಿಂಗ ಹಿಡಿದು ಬೆಳೆದವಳು. ತಲೆಯೆತ್ತಿ ಲೀಲಾಬಾಯಿಯ ಮುಖ ನೋಡಿದಳು.

"ಎಲ್ಲಿ ಸಿಕ್ತಂದ್ರಿ, ಅಕ್ಕೋರ?"

"ಬಂಡೆಗಲ್ಲಿನ ಸಂದಿಯೊಳಗ," ಎಂದಳು ಲೀಲಾಬಾಯಿ. ದನಿ ಸಣ್ಣಗಾಗಿತ್ತು.

ಗುರವ್ವ ಅದನ್ನು ಹಿಡಿದುಕೊಂಡು ಮೂಲೆಗೆ ಹೋಗಿ ಕೂತಳು. ವಿಭೂತಿ ಹಚ್ಚಿದಳು, ಎಲೆ ಏರಿಸಿದಳು, ಕಣ್ಣು ಮುಚ್ಚಿ ಪೂಜೆ ಮಾಡಿದಳು. ಆಮೇಲೆ ನೀರು ಬೇಡಿ, ತಂಬಿಗೆಯನ್ನು ಎತ್ತಿ ಗಟಗಟ ಕುಡಿದಳು. ರೊಟ್ಟಿಯನ್ನೂ ತಿಂದಳು. ಅಂಗೈಗೆ ಮಸಿ ಹತ್ತಿತ್ತು. ಯಾರೂ ನೋಡದಂತೆ ಅವಳು ಅದನ್ನು ಹಾಸುಗಲ್ಲಿಗೆ ಒರೆಸಿ ಒರೆಸಿ ತೆಗೆಯುವುದನ್ನು ಲೀಲಾಬಾಯಿ ಕಂಡಳು. ಕಂಡು, ಕಂಬಳಿ ಮಡಚುವ ಕೆಲಸಕ್ಕೆ ತಿರುಗಿದಳು. ಹುಡುಗಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡಳು.

ಊರಿಗೆ ಬಂದಾಗ ಅಗಸಿಯಲ್ಲಿ ತಾಯಂದಿರು ಕಾದು ನಿಂತಿದ್ದರು. ಮಕ್ಕಳು ಹೂವಿನಂತೆ ಅರಳಿ ಬಂದಿದ್ದರು. ಲಿಂಗ ಹೋದದ್ದು, ಅಕ್ಕೋರು ನಸುಕಿನಲ್ಲಿ ಹಳ್ಳಕ್ಕೆ ಇಳಿದು ಹುಡುಕಿ ತಂದದ್ದು, ಕಸ್ತೂರೆವ್ವನ ಬಾಯಿಂದ ಕ್ಷಣಾರ್ಧದಲ್ಲಿ ಊರೆಲ್ಲ ಆಯಿತು. ಹೆಡ್ ಮಾಸ್ತರರು ಕೂಡ "ಭೇಷ್ ಮಾಡಿದ್ರಿ ಬಾಯಿಯವರ" ಎಂದರು. ಆ ಮಾತಿಗಾಗಿ ಅವಳು ಎಷ್ಟೋ ವರ್ಷ ಕಾದಿದ್ದಳು. ಅದು ಬಂದಾಗ ಕೇಳಿಸದವಳಂತೆ ಹುಡುಗಿಯರ ಕಂಬಳಿ ಎಣಿಸತೊಡಗಿದಳು.

ಗುರವ್ವ ಸೋಮವಾರ ಶಾಲೆಗೆ ಬರಲಿಲ್ಲ. ನೆಗಡಿ ಇರಬೇಕು ಎಂದುಕೊಂಡಳು ಲೀಲಾಬಾಯಿ. ಆ ವಾರವೆಲ್ಲ ಬರಲಿಲ್ಲ. ಮುಂದಿನ ವಾರ ಲೀಲಾಬಾಯಿಯೇ ಮನೆಗೆ ಹೋದಳು.

ಶಂಭುಲಿಂಗಪ್ಪ ಎದ್ದು ನಿಂತು ಸ್ವಾಗತಿಸಿದ. ಹಿಂದೆಂದೂ ಎದ್ದವನಲ್ಲ. "ಬರ್ರಿ ಅಕ್ಕೋರ, ಕೂಡ್ರಿ. ನಮ್ಮ ಮಗಳ ಪರಾಕ್ರಮ ಕೇಳೀರೇನು? ಗುಡ್ಡದಾಗ ನೀವು ಜೀವಾ ಒತ್ತಿ ಇಟ್ಟು ಹುಡುಕಿ ಕೊಟ್ಟ ಲಿಂಗಾನ, ಮನಿಗೆ ಬಂದ ದಿನಾನ ಹಿತ್ತಲ ಬಾವ್ಯಾಗ ಕೆಡವಿದ್ಲು! ನೀರು ಸೇದೂವಾಗ ಬಿತ್ತಂತ. ನಮ್ಮವ್ವ ಎರಡು ದಿನಾ ನೀರು ಮುಟ್ಟಲಿಲ್ಲ. ಅಯ್ಯನವರ್ನ ಕರಸಿ ಹೊಸಾದು ಕಟ್ಟಿಸೇವಿ."

ಲೀಲಾಬಾಯಿ ಹಿತ್ತಲ ಬಾಗಿಲಿನ ಕಡೆಗೆ ನೋಡಿದಳು.

"ನಮ್ಮ ಮಂದಿ ಅಲ್ಲದ ನಿಮಗ ಇದ್ದ ಕಾಳಜಿ ಈಕಿಗಿಲ್ಲ ನೋಡ್ರಿ. ಸಿಟ್ಟಿನ ಕೈಯಾಗ ನಾಕು ಬಾರಿಸೇನಿ. ಸಾಲಿ ಸಾಕು, ಅಜ್ಜಿ ಕೈಕೆಳಗ ನೇಮ ಕಲೀಲಿ ಅಂದೇನಿ."

ಈಗ ಹೇಳಬೇಕಿತ್ತು. ಹೇಳಬೇಕಾದ ಮಾತೂ ಸಿದ್ಧವಿತ್ತು: ಬಾವಿಗೆ ಬಿದ್ದದ್ದು ಲಿಂಗವಲ್ಲ, ಹಳ್ಳದ ಕಲ್ಲು, ತಾನಾಗಿ ಬೀಳಲಿಲ್ಲ, ಆಕೆಯೇ ಎಸೆದಳು, ನನ್ನ ಹೆಸರು ಹೇಳದೆ ಹೊಸದನ್ನು ಕಟ್ಟಿಸಿಕೊಳ್ಳಲು ಬೇರೆ ದಾರಿ ಅವಳಿಗಿರಲಿಲ್ಲ. ಆದರೆ ಹೇಳಿದರೆ ಇದೇ ಮೊದಲು, ಇದೇ ಕಡೆಯದು. ಲೀಲಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ಸಾಲಿ ಬಿಡಿಸಬ್ಯಾಡ್ರಿ," ಎಂದಳು. "ಶಾಣ್ಯಾ ಹುಡುಗಿ ಇದ್ದಾಳ. ಸಣ್ಣಾಕಿ, ಕೈತಪ್ಪಿ ಆಗಿರ್ತದ."

ಶಂಭುಲಿಂಗಪ್ಪ ನಕ್ಕ. "ನೀವು ಹೇಳಿದ ಮ್ಯಾಲೆ ಮುಗೀತು. ಬ್ಯಾರೆ ಯಾರರೆ ಹೇಳಿದ್ರ ಕೇಳ್ತಿದ್ದಿಲ್ಲ. ಏ ಗುರವ್ವಾ, ನಾಳಿಂದ ಸಾಲಿಗೆ ಹೋಗು, ಅಕ್ಕೋರು ನಿನಗ ಮಾಫಿ ಮಾಡ್ಯಾರ!"

ಗುರವ್ವ ಬಾಗಿಲಿಗೆ ಬಂದಳು. "ಒಲ್ಲೆ," ಎಂದಳು.

"ಏನಂದಿ?"

"ನಾ ಸಾಲಿಗೆ ಹೋಗಂಗಿಲ್ಲ, ಅಪ್ಪಾ."

"ನೋಡ್ರಿ, ನೋಡ್ರಿ ಸೊಕ್ಕು!" ಎಂದು ಶಂಭುಲಿಂಗಪ್ಪ ಕೈ ಎತ್ತಿದ. ಮನೆಗೆ ಬಂದವರ ಎದುರು ಬೇಡವೆಂದು ಇಳಿಸಿದ. ಎತ್ತಿಗೆ ನೀರು ತೋರಿಸುವ ಹೊತ್ತಾಯಿತೆಂದು ಗೊಣಗುತ್ತ ಹಿತ್ತಲಿಗೆ ಹೋದ.

ಲೀಲಾಬಾಯಿ ಹುಡುಗಿಯ ಹತ್ತಿರ ಹೋದಳು. ಕೆನ್ನೆಯ ಮೇಲೆ ಹಸಿರುಗಟ್ಟಿದ ಬೆರಳ ಗುರುತು ಇನ್ನೂ ಇತ್ತು. "ಗುರವ್ವಾ, ನೀನು ಓದಬೇಕವ್ವಾ. ನಾ ಮಾಡಿದ್ದು... ನೀ ಉಪವಾಸ ಬೀಳ್ತೀ ಅಂತ ಮಾಡಿದ್ದು."

"ಉಪವಾಸನ ಇಳೀತಿದ್ದೆ, ಅಕ್ಕೋರ. ಅಷ್ಟು ಶಕ್ತಿ ಇತ್ತು ನನಗ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ; ಲೆಕ್ಕ ಬಿಡಿಸಿ ಹೇಳುವ ದನಿ. "ನಿಮ್ಮ ಕೈ ನಡಗತಿತ್ತು. ಅದಕ್ಕ ಉಂಡೆ."

ಅಷ್ಟು ಹೇಳಿ ಒಳಗೆ ಹೋದಳು. ಅಜ್ಜಿಯ ದನಿ ಏನೋ ಕೇಳಿತು, ಹುಡುಗಿ ಏನೋ ಉತ್ತರ ಕೊಟ್ಟಳು.

ಓಣಿಯ ಕಟ್ಟೆಯ ಮೇಲೆ ಕಸ್ತೂರೆವ್ವನ ತಾಯಿ ಇನ್ನಿಬ್ಬರು ಹೆಂಗಸರೊಂದಿಗೆ ಅಕ್ಕಿ ಆರಿಸುತ್ತ ಕೂತಿದ್ದಳು. ಲೀಲಾಬಾಯಿಯನ್ನು ಕಂಡು ಮೂವರೂ ಸೆರಗು ಸರಿಮಾಡಿಕೊಂಡರು.

"ಅಕ್ಕೋರ, ಬರೂ ವರ್ಷ ನಮ್ಮ ಸಣ್ಣಾಕೀನೂ ಒಯ್ಯಬೇಕ್ರಿ ಮತ್ತ. ಆಕಿ ಈಗಿಂದ ಕಂಬಳಿ ಹೊಚಗೊಂಡು ಕೂತಾಳ."

"ನನ್ನ ಮಗಳ್ನೂ ಬಿಡಬ್ಯಾಡ್ರಿ. ನಿಮ್ಮ ಕೂಡ ಅಂದ್ರ ನಮಗ ಚಿಂತಿ ಇಲ್ಲ."

"ಹೂಂ," ಎಂದಳು ಲೀಲಾಬಾಯಿ. "ಕರಕೊಂಡು ಹೋಗೂಣು."